ಹ್ಯಾಮ್ ಜೊತೆ ಏನು ಬಡಿಸಬೇಕು? ಬೆಂದೂರಿನ ಒಂದು ಕ್ರಿಸ್‌ಮಸ್ ಊಟದಲ್ಲಿ ಕಲಿತದ್ದು

ಮಂಗಳೂರಲ್ಲಿ ಕೇಟರಿಂಗ್ ಅಡುಗೆ ನನ್ನ ಕೆಲಸ. ಹಂದಿ ಮಾಂಸ ಅಂದರೆ ಇಲ್ಲಿ ಬಾಫತ್ ಎಂಬ ಮಸಾಲೆ ಪುಡಿ ಹಾಕಿದ ದುಕ್ರಾಮಾಸ್ ಅನ್ನುವ ಹಂದಿ ಸಾರು, ಪಕ್ಕದಲ್ಲಿ ಇಡ್ಲಿಯಂಥ ಸನ್ನಾಸ್. ಅದಕ್ಕೆ ಯಾರೂ ಯೋಚನೆ ಮಾಡಬೇಕಿಲ್ಲ. ಹಂದಿಯ ತೊಡೆ ಮಾಂಸದ ಹ್ಯಾಮ್‌ಗೆ ಆರ್ಡರ್ ಬಂದಾಗ ಮಾತ್ರ ಯೋಚಿಸಲೇಬೇಕು ಅಂತ ನನಗೆ ಗೊತ್ತಾದದ್ದು ಬೆಂದೂರಿನ ಒಂದು ಮನೆಯಲ್ಲಿ.

ನಲವತ್ತು ಜನರ ಕ್ರಿಸ್‌ಮಸ್ ಊಟ. ಹ್ಯಾಮ್ ಮೇಲೆ ಅನಾನಸ್ ರಸ, ಬೆಲ್ಲ, ಲವಂಗ ಸವರಿದ್ದೆವು. ಜೊತೆಗೆ ಬೆಲ್ಲದ ಪಾಕದಲ್ಲಿ ಗೆಣಸು, ದ್ರಾಕ್ಷಿ ಹಾಕಿದ ಪುಲಾವ್, ಉಪ್ಪಿನ ಬೆಣ್ಣೆ ಹಾಕಿ ಕಲಸಿದ ಆಲೂಗಡ್ಡೆ, ಮತ್ತೆ ಸನ್ನಾಸ್. ಒಂದೊಂದೇ ತಿಂದರೆ ಎಲ್ಲವೂ ಚೆನ್ನಾಗಿತ್ತು. ಆದರೆ ತಟ್ಟೆಗಳಲ್ಲಿ ಅರ್ಧ ಊಟ ಹಾಗೇ ವಾಪಸ್ ಬಂತು. ಮೊದಲು ಖಾಲಿಯಾದದ್ದು ಸೌತೆಕಾಯಿ ಸಲಾಡ್, ಮತ್ತೆ ಮತ್ತೆ ಕೇಳಿದ್ದು ನಿಂಬೆಹಣ್ಣು.

ಆ ಮನೆಯ ಹಿರಿಯ ಬಾಯಮ್ಮ ಅಡುಗೆ ಕೋಣೆಗೇ ಬಂದರು. "ಮಗಾ, ಎಲ್ಲದರಲ್ಲೂ ಉಪ್ಪು, ಎಲ್ಲದರಲ್ಲೂ ಸಿಹಿ. ಹುಳಿ ಎಲ್ಲುಂಟು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹ್ಯಾಮ್ ಅಂದರೆ ದಿನಗಟ್ಟಲೆ ಉಪ್ಪಿನಲ್ಲಿಟ್ಟು ಹದ ಮಾಡಿದ ಮಾಂಸ ಅಲ್ವಾ. ಉಪ್ಪು ಒಳಗೇ ಕೂತಿರುತ್ತದೆ, ಮೇಲಿನ ಪಾಕದಿಂದ ಸಿಹಿಯೂ ಬರುತ್ತದೆ. ಅದರಲ್ಲಿ ಇಲ್ಲದ್ದು ಹುಳಿ, ಹಸಿರು, ಕರುಂ ಅನ್ನುವ ತರಕಾರಿ, ಮತ್ತೆ ಉಪ್ಪನ್ನು ತಡೆಯುವ ಒಂದು ಸಪ್ಪೆ ಪದಾರ್ಥ. ಪಕ್ಕದ ಅಡುಗೆ ಅದನ್ನು ತುಂಬಬೇಕು.

ಈಗ ನಾನು ಮೊದಲು ಹ್ಯಾಮಿನ ಒಂದು ತುಂಡು ಕತ್ತರಿಸಿ ತಿಂದು ನೋಡುತ್ತೇನೆ, ಒಂದೊಂದರ ಉಪ್ಪು ಒಂದೊಂದು ಥರ ಇರುತ್ತದೆ, ಆಮೇಲೇ ಉಳಿದ ಅಡುಗೆಗೆ ಉಪ್ಪು ಎಷ್ಟು ಅಂತ ತೀರ್ಮಾನ. ಆಲೂಗಡ್ಡೆಯನ್ನು ಉಪ್ಪಿಲ್ಲದೆ ಬೇಯಿಸಿ, ಬಿಸಿ ಹಾಲು, ಉಪ್ಪಿಲ್ಲದ ಬೆಣ್ಣೆ ಹಾಕಿ ಕಲಸುತ್ತೇನೆ. ಬೀನ್ಸನ್ನು ಮೂರು ನಾಲ್ಕು ನಿಮಿಷ ಮಾತ್ರ ಬೇಯಿಸಿ, ತಣ್ಣೀರಿಗೆ ಹಾಕಿ, ಬಡಿಸುವ ಮುಂಚೆ ಬೆಳ್ಳುಳ್ಳಿ ಒಗ್ಗರಣೆ. ಗೆಣಸು ಬೇಕೇ ಬೇಕು ಅಂದರೆ ಬೆಲ್ಲ ಬೇಡ, ಸುಮ್ನೆ ಸುಟ್ಟು ನಿಂಬೆರಸ, ಕಾಳುಮೆಣಸು ಸಾಕು. ಕ್ಯಾಬೇಜ್ ಸಲಾಡಿಗೆ ಮೇಯನೇಸ್ ಹಾಕುವುದಿಲ್ಲ. ನಮ್ಮಲ್ಲಿ ಡಿಸೆಂಬರ್ ಹಗಲಲ್ಲೂ 30 ಡಿಗ್ರಿ ದಾಟುತ್ತದೆ, ಅಂಗಳದಲ್ಲಿ ಇಟ್ಟರೆ ಬೇಗ ಕೆಡುತ್ತದೆ. ವಿನೆಗರ್, ಸಾಸಿವೆ, ಈರುಳ್ಳಿ ಹಾಕಿದರೆ ನಾವು ಹುಡುಕುತ್ತಿದ್ದ ಹುಳಿಯೂ ಸಿಗುತ್ತದೆ.

ಸನ್ನಾಸ್ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ಅದು ರಸ ಹೀರುವ ತಿಂಡಿ. ದುಕ್ರಾಮಾಸಿನಲ್ಲಿ ರಸ ಉಂಟು, ಹ್ಯಾಮ್ ಒಣಕಲು. ಹಾಗಾಗಿ ಹ್ಯಾಮಿಗೆ ಬನ್ನೇ ಸರಿ. ಇಲ್ಲ, ಹಬ್ಬಕ್ಕೆ ಸನ್ನಾಸ್ ಇರಲೇಬೇಕು ಅಂತ ಮನೆಯವರು ಹೇಳಿದರೆ ಟ್ರೇಯಲ್ಲಿ ಉಳಿದ ರಸಕ್ಕೆ ನೀರು ಸೇರಿಸಿ ತೆಳ್ಳಗೆ ಗ್ರೇವಿ ಮಾಡುತ್ತೇನೆ, ಅದಕ್ಕೆ ಮತ್ತೆ ಉಪ್ಪು ಹಾಕಲೇಬಾರದು.

ಇನ್ನೊಂದು, ಓವನ್. ಹೆಚ್ಚಿನ ಮನೆಗಳಲ್ಲಿ ಇರುವುದು ಒಂದೇ, ಅದರಲ್ಲಿ ಗಂಟೆಗಟ್ಟಲೆ ಹ್ಯಾಮ್ ಕೂತಿರುತ್ತದೆ. ಉಳಿದದ್ದನ್ನೆಲ್ಲ ಒಲೆಯ ಮೇಲೆ ಆಗುವಂಥದ್ದೋ ತಣ್ಣಗೆ ಬಡಿಸುವಂಥದ್ದೋ ನೋಡಿ ಆರಿಸುತ್ತೇನೆ. ಹ್ಯಾಮ್ ಹೊರಗೆ ತೆಗೆದ ಮೇಲೆ ಕತ್ತರಿಸುವ ಮೊದಲು ಹದಿನೈದು ನಿಮಿಷ ಬಿಡಬೇಕು. ಆ ಹೊತ್ತಿಗೆ ಓವನ್ ಖಾಲಿ, ಬನ್ ಬಿಸಿ ಮಾಡುವುದು ಆಗಲೇ.