102-71-6: ಒಂದು ನಂಬರ್ ಕಲಿಸಿದ ಪಾಠ

ರಾಸಾಯನಿಕ ರಫ್ತಿನ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಇನ್ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್, ದಿನವಿಡೀ ಇದೇ. ಸೇರಿದ ಎರಡನೇ ವರ್ಷ ಈಜಿಪ್ಟಿನಿಂದ ಒಂದು ಆರ್ಡರ್ ಬಂತು. 80 ಡ್ರಮ್ ಟ್ರೈಎಥನಾಲಮೈನ್. ನಾವೆಲ್ಲ ಟಿಇಎ ಅಂತೀವಿ. ಕ್ರೀಮು, ಶಾಂಪೂಗೆ ಹಾಕುತ್ತಾರೆ, ಸಿಮೆಂಟ್ ಅರೆಯುವಾಗಲೂ ಬೇಕು. ಇದರಲ್ಲೇನು ತೊಂದರೆ ಅಂತ ಕಂಟೇನರ್ ಬುಕ್ ಮಾಡಿಬಿಟ್ಟೆ.

ಫೈಲು ಸಹಿಗೆ ಹೋಯಿತು. ನನ್ನ ಮೇಲಧಿಕಾರಿ ಮೇಡಂ ಇನ್ವಾಯ್ಸಿನ ಮೂಲೆಯಲ್ಲಿ ಪೆನ್ಸಿಲಿನಿಂದ 102-71-6 ಅಂತ ಬರೆದರು. ಟಿಇಎಯ ಸಿಎಎಸ್ ನಂಬರ್ ಅದು, ಅಂದರೆ ಒಂದೊಂದು ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ. "ಮೂರನೇ ಶೆಡ್ಯೂಲಿನಲ್ಲಿ ಹುಡುಕಪ್ಪಾ" ಅಂದರು. ಹುಡುಕಿದೆ. ಇತ್ತು.

ಆ ಶೆಡ್ಯೂಲ್ ರಾಸಾಯನಿಕ ಅಸ್ತ್ರಗಳನ್ನು ನಿಷೇಧಿಸುವ ಒಪ್ಪಂದದ್ದು. 1997ರ ಏಪ್ರಿಲ್ 29ರಿಂದ ಜಾರಿಯಲ್ಲಿದೆ. ಟಿಇಎಯಿಂದ ನೈಟ್ರೋಜನ್ ಮಸ್ಟರ್ಡ್ ಅನ್ನೋ ವಿಷವನ್ನೂ ತಯಾರಿಸಬಹುದು, ಅದಕ್ಕೇ ಪಟ್ಟಿಯಲ್ಲಿದೆ. ಒಪ್ಪಂದಕ್ಕೆ ಸೇರಿರುವ ದೇಶಗಳು 193. ಆಗ ಹೊರಗಿದ್ದದ್ದು ನಾಲ್ಕೇ: ಈಜಿಪ್ಟ್, ಉತ್ತರ ಕೊರಿಯಾ, ದಕ್ಷಿಣ ಸುಡಾನ್, ಸಹಿ ಹಾಕಿಯೂ ಅನುಮೋದಿಸದ ಇಸ್ರೇಲ್. ಹೊರಗಿನ ದೇಶಕ್ಕೆ ಈ ಸರಕು ಹೋಗಬೇಕಾದರೆ, ಯಾವುದಕ್ಕೆ ಬಳಸುತ್ತಾರೆ ಅಂತ ಅಲ್ಲಿನ ಸರ್ಕಾರವೇ ಬರೆದುಕೊಡಬೇಕು. ಖರೀದಿದಾರನ ಲೆಟರ್‌ಹೆಡ್ ಸಾಲದು. ನಮ್ಮ ಕಡೆ, ಅಸ್ತ್ರಕ್ಕೂ ಬಳಸಬಹುದಾದ ಸರಕಿನ ರಫ್ತಿಗೆ ಭಾರತ ಸರ್ಕಾರ ಕೊಡುವ ಸ್ಕೋಮೆಟ್ ಲೈಸೆನ್ಸೂ ಬೇಕು. ನನ್ನ ಫೈಲಿನಲ್ಲಿ ಎರಡೂ ಇರಲಿಲ್ಲ.

ಖರೀದಿದಾರ ಕೆಟ್ಟವನೇನಲ್ಲ, ಬಹುಶಃ ಶಾಂಪೂನೇ ಮಾಡುತ್ತಿದ್ದ. ಆದರೂ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಸಂಜೆ ಮೇಡಂ ಫ್ರಾನ್ಸ್ ವಾನ್ ಆನ್‌ರಾತ್ ಬಗ್ಗೆ ಹೇಳಿದ್ದರು. ಡಚ್ ವ್ಯಾಪಾರಿ. 1980ರ ದಶಕದಲ್ಲಿ ಇರಾಕಿಗೆ ಥಯೋಡೈಗ್ಲೈಕಾಲ್ ಕಳಿಸಿದವನು. ಪೆನ್ನಿನ ಇಂಕಿಗೆ, ಬಟ್ಟೆಯ ಬಣ್ಣಕ್ಕೆ ಬಳಸುವ ದ್ರವ ಅದು. ಸದ್ದಾಂ ಸರ್ಕಾರ ಅದರಿಂದ ಮಸ್ಟರ್ಡ್ ಗ್ಯಾಸ್ ಮಾಡಿತು. 1988ರ ಮಾರ್ಚ್ 16ರಂದು ಹಲಬ್ಜಾ ಊರಿನ ಮೇಲೆ ವಿಷಾನಿಲ ಸುರಿಯಿತು, ಸಾವಿರಾರು ಕುರ್ದಿಗಳು ಸತ್ತರು. ಯುದ್ಧಾಪರಾಧಕ್ಕೆ ನೆರವಾದ ಅಂತ 2005ರಲ್ಲಿ ಹೇಗ್‌ನ ಕೋರ್ಟು ಆ ವ್ಯಾಪಾರಿಗೆ 15 ವರ್ಷ ಜೈಲು ವಿಧಿಸಿತು. ಮೇಲ್ಮನವಿಯಲ್ಲಿ ಶಿಕ್ಷೆ ಇನ್ನೂ ಜಾಸ್ತಿಯಾಯಿತು. ಅವನೇನು ಬಾಂಬ್ ಹಾಕಿರಲಿಲ್ಲ. ಸರಕು ಸಾಗಿಸಿದ್ದ, ಅಷ್ಟೇ. ಅವನ ಸರಕಿಗೂ ಇನ್ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಮಾಡಲು ನನ್ನಂಥವರು ಯಾರೋ ಕೂತಿದ್ದಿರಬೇಕು, ಅಲ್ವಾ?

ಅಲ್ಲಿಂದ ಕೆಲಸದ ರೀತಿ ಬದಲಾಯಿತು. ಸರಕಿನ ಹೆಸರನ್ನು ಈಗ ನಂಬುವುದಿಲ್ಲ, ಒಂದೇ ದ್ರವಕ್ಕೆ ಹತ್ತಾರು ಬ್ರ್ಯಾಂಡ್ ಹೆಸರಿರುತ್ತವೆ. ಮೊದಲು ಸಿಎಎಸ್ ನಂಬರ್, ಆಮೇಲೆ ದೇಶ, ಆಮೇಲೆ "ಇದರಿಂದ ನೀವು ಏನು ಮಾಡ್ತೀರಿ?" ಅನ್ನೋ ಪ್ರಶ್ನೆ. ಮಿಶ್ರಣವಾದರೆ ಅದರಲ್ಲಿ ಯಾವ ರಾಸಾಯನಿಕ ಶೇಕಡಾ ಎಷ್ಟು ಅಂತಲೂ ಕೇಳುತ್ತೇನೆ. ಸೇಲ್ಸಿನವರಿಗೆ ಸಿಟ್ಟು ಬರುತ್ತದೆ. ಬರಲಿ. ಹಡಗು ತಪ್ಪಿದರೆ ಮುಂದಿನ ವಾರ ಇನ್ನೊಂದಿದೆ.

ಆ 80 ಡ್ರಮ್ ಈಜಿಪ್ಟಿಗೆ ಹೋಗಲೇ ಇಲ್ಲ. ಸರ್ಕಾರದ ಪತ್ರ ತರಲು ಖರೀದಿದಾರನಿಗೆ ಆಗಲಿಲ್ಲ. ಎರಡು ತಿಂಗಳು ಗೋಡೌನಿನಲ್ಲಿದ್ದವು, ಆಮೇಲೆ ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆಗೆ ಹೋದವು. ಪೆನ್ಸಿಲಿನ ನಂಬರ್ ಇರುವ ಆ ಇನ್ವಾಯ್ಸ್ ನನ್ನ ಡ್ರಾಯರಿನಲ್ಲಿದೆ. ಕೆಲಸಕ್ಕೆ ಹೊಸಬರು ಬಂದರೆ ಮೊದಲ ದಿನವೇ ತೋರಿಸುತ್ತೇನೆ.