ಸ್ಟಾಪ್‌ವಾಚ್ ಒತ್ತದ ದಿನ

ಹೊರಗೆ ಏನೂ ಕಾಣದಿದ್ದರೂ ಉಪಕರಣ ನೋಡಿಕೊಂಡೇ ಹಾರಿಸೋಕೆ ಕೊಡುವ ಅನುಮತಿ, ಅಂದರೆ ಇನ್‌ಸ್ಟ್ರುಮೆಂಟ್ ರೇಟಿಂಗ್, ಕೈಗೆ ಬಂದು ಆರು ವಾರ ಆಗಿತ್ತು. ಹೊರಗೆ ಕಾಣದಂತೆ ಕಣ್ಣಿಗೆ ಹುಡ್ ಹಾಕಿಕೊಂಡು, ಹೊರಗೆ ಬಿಸಿಲಿದ್ದರೂ ಮೋಡದಲ್ಲಿ ಇದ್ದೀನಿ ಅಂದುಕೊಂಡು ಹಾರಿದ್ದು ಬೇಕಾದಷ್ಟು. ಇನ್‌ಸ್ಟ್ರಕ್ಟರ್ ಇಲ್ಲದೆ ನಿಜವಾದ ಮೋಡದೊಳಗೆ ಹೋಗಿದ್ದು ಮಾತ್ರ ಅದೇ ಮೊದಲು. ಪಕ್ಕದ ಸೀಟಿನಲ್ಲಿ ಗೆಳೆಯ. ಅವನಿಗೆ ವಿಮಾನದ ಗಂಧಗಾಳಿ ಇಲ್ಲ, ಧೈರ್ಯ ಮಾತ್ರ ನನಗಿಂತ ಜಾಸ್ತಿ.

ವಿಮಾನ ಸೆಸ್ನಾ 172, ಹಳೇದು. ಜಿಪಿಎಸ್ ಇಲ್ಲ, ದೂರ ಅಳೆದು ಹೇಳುವ ಡಿಎಂಇ ಇಲ್ಲ. ಎರಡು ನ್ಯಾವಿಗೇಶನ್ ರೇಡಿಯೋ, ಒಂದು ಮಾರ್ಕರ್ ರಿಸೀವರ್, ಅಷ್ಟೇ. ಅದರಿಂದ ನನಗೇನೂ ಬೇಜಾರಿರಲಿಲ್ಲ, ಕಲಿತಿದ್ದೇ ಅಂಥದ್ದರಲ್ಲಿ. ಹೋಗುವ ಊರಲ್ಲಿ ಮೋಡದ ತಳ 600 ಅಡಿ ಇರುತ್ತೆ ಅಂತ ಹವಾಮಾನ ವರದಿ ಹೇಳಿತ್ತು. ಅಲ್ಲಿ ಐಎಲ್‌ಎಸ್ ಇತ್ತು. ಐಎಲ್‌ಎಸ್ ಇದ್ದರೆ 200 ಅಡಿವರೆಗೆ ಇಳಿದು ನೋಡಬಹುದು. 600 ಎಲ್ಲಿ, 200 ಎಲ್ಲಿ? ಆರಾಮ ಅಂದುಕೊಂಡೆ.

ಐಎಲ್‌ಎಸ್ ಅಂದರೆ ರನ್‌ವೇ ಕಡೆಯಿಂದ ಬರುವ ಎರಡು ರೇಡಿಯೋ ದಾರಿ. ಲೋಕಲೈಸರ್ ಎಡ-ಬಲ ತೋರಿಸುತ್ತದೆ, ಗ್ಲೈಡ್ ಸ್ಲೋಪ್ ಮೇಲೆ-ಕೆಳಗೆ. ಎರಡೂ ಸೂಜಿಗಳನ್ನು ನಡುವೆ ಹಿಡಿದುಕೊಂಡು 3 ಡಿಗ್ರಿ ಇಳಿಜಾರಿನಲ್ಲಿ ಇಳಿದರೆ ಹೊರಗೆ ಏನೂ ಕಾಣದಿದ್ದರೂ ರನ್‌ವೇ ಮುಂದೆಯೇ ಬಂದು ನಿಲ್ಲುತ್ತೀರಿ. 200 ಅಡಿಗೆ ಬಂದಾಗ ರನ್‌ವೇ ಅಥವಾ ಅದರ ದೀಪಗಳು ಕಾಣಬೇಕು. ಕಾಣಲಿಲ್ಲವಾ, ಪವರ್ ಕೊಟ್ಟು ಮೇಲೆ ಹೋಗಬೇಕು. ಅಲ್ಲಿ ಯೋಚನೆ ಮಾಡೋಕೆ ಏನೂ ಇಲ್ಲ.

ನನ್ನ ಇನ್‌ಸ್ಟ್ರಕ್ಟರ್‌ಗೆ ಒಂದು ಅಭ್ಯಾಸ ಇತ್ತು. ಐಎಲ್‌ಎಸ್ ಆಗಲಿ, ರನ್‌ವೇಗೆ ಇಳಿದು ಬರುವ ಬೇರೆ ವಿಧಾನ (ಅಪ್ರೋಚ್) ಆಗಲಿ, ರನ್‌ವೇಗೆ ಕೆಲವು ಮೈಲಿ ಮೊದಲು ನೆಲದಲ್ಲಿರುವ ರೇಡಿಯೋ ಗುರುತು, ಔಟರ್ ಮಾರ್ಕರ್, ದಾಟಿದ ಕೂಡಲೇ ಸ್ಟಾಪ್‌ವಾಚ್ ಒತ್ತಿಸುತ್ತಿದ್ದರು. ಟರ್ನ್, ಟೈಮ್, ಟ್ವಿಸ್ಟ್, ಥ್ರಾಟಲ್, ಟಾಕ್ ಅಂತ ಐದು ಟೀ, ಮಗ್ಗಿ ಥರ ಬಾಯಿಪಾಠ. ಐಎಲ್‌ಎಸ್‌ನಲ್ಲಿ ಎಲ್ಲಿಂದ ಮೇಲೆ ಹೋಗಬೇಕು ಅನ್ನುವುದನ್ನು ಎತ್ತರವೇ ಹೇಳುತ್ತದೆ, ಗಡಿಯಾರಕ್ಕೆ ಅಲ್ಲಿ ಕೆಲಸವಿಲ್ಲ. ಹಾಗಾಗಿ ಟೆಸ್ಟ್ ಪಾಸಾದ ಮೇಲೆ ನಾನು ಒತ್ತೋದು ಬಿಟ್ಟಿದ್ದೆ. ಸುಮ್ನೆ ಯಾಕೆ ಅಂತ.

ಹತ್ತಿರ ಬರುವಷ್ಟರಲ್ಲಿ ಮೋಡದ ತಳ 400 ಅಡಿಗೆ ಇಳಿದಿತ್ತು. ಆಗಲೂ ಚಿಂತೆ ಆಗಲಿಲ್ಲ. ಲೋಕಲೈಸರ್ ಸಿಕ್ಕಿತು, ಮೋರ್ಸ್ ಗುರುತು ಕೇಳಿಸಿಕೊಂಡೆ, ಔಟರ್ ಮಾರ್ಕರ್‌ನ ನೀಲಿ ದೀಪ ಮಿನುಗಿತು, ಕಿವಿಯಲ್ಲಿ ಉದ್ದುದ್ದ ಪೀಂ ಪೀಂ. ಅಲ್ಲಿಂದ ರನ್‌ವೇಗೆ 5 ನಾಟಿಕಲ್ ಮೈಲಿ. ಇಳಿಯೋಕೆ ಶುರು ಮಾಡಿದೆ. ಸೂಜಿಗಳು ಎಷ್ಟು ಚೆನ್ನಾಗಿ ನಡುವೆ ನಿಂತಿದ್ದವು ಅಂದರೆ, ಗೆಳೆಯನಿಗೆ ತೋರಿಸೋಣ ಅನ್ನಿಸಿತು. ನೆಲದಿಂದ ಸುಮಾರು 1100 ಅಡಿಯಲ್ಲಿದ್ದಾಗ ಗ್ಲೈಡ್ ಸ್ಲೋಪ್ ಸೂಜಿಯ ಪಕ್ಕ ಕೆಂಪು ಬಾವುಟ ಬಿತ್ತು. ಸೂಜಿ ಸತ್ತಿತ್ತು.

ಇಂಥ ಹೊತ್ತಿಗೂ ನಿಯಮ ಇದೆ. ಗ್ಲೈಡ್ ಸ್ಲೋಪ್ ಹೋದರೆ ಅದು ಲೋಕಲೈಸರ್ ಅಪ್ರೋಚ್ ಆಗುತ್ತದೆ. ಕೆಳಮಿತಿ ಮೇಲೇರುತ್ತದೆ, ಅಲ್ಲಿ 200 ಅಡಿ ಬದಲು 410. ಆ ಎತ್ತರಕ್ಕೆ ಇಳಿದು, ಅದಕ್ಕಿಂತ ಒಂದಡಿಯೂ ಕೆಳಗೆ ಹೋಗದೆ, ರನ್‌ವೇ ಕಾಣುತ್ತಾ ಅಂತ ನೋಡುತ್ತಾ ಮುಂದೆ ಹೋಗಬಹುದು. ಎಲ್ಲಿವರೆಗೆ? ಮಾರ್ಕರ್‌ನಿಂದ ಇಷ್ಟು ನಿಮಿಷ ಇಷ್ಟು ಸೆಕೆಂಡ್ ಅಂತ ಚಾರ್ಟ್‌ನ ಕೆಳಗೆ ಪಟ್ಟಿ ಇರುತ್ತದೆ, ಅಲ್ಲಿವರೆಗೆ. ನನ್ನ ಸ್ಟಾಪ್‌ವಾಚ್ ಸೊನ್ನೆ ತೋರಿಸುತ್ತಿತ್ತು.

ಪವರ್ ಕೊಟ್ಟು ಮೇಲೆತ್ತಿದೆ. ಆಗ ಇನ್ನೊಂದು ಸಮಸ್ಯೆ ಹೊಳೆಯಿತು. ಇಳಿಯದೆ ಮೇಲೆ ಹೋಗುವವರಿಗೆ ಹಾಕಿಕೊಟ್ಟ ಮಿಸ್ಡ್ ಅಪ್ರೋಚ್ ದಾರಿಯಲ್ಲಿ ನೇರ ಹತ್ತಿ ಆಮೇಲೆ ಎಡಕ್ಕೆ ತಿರುಗಬೇಕಿತ್ತು. ಎತ್ತರ ಯಾವಾಗ ಬೇಕಾದರೂ ಏರಬಹುದು, ತಿರುಗೋದು ಮಾತ್ರ ಆ ಕೊನೆಯ ಬಿಂದು ದಾಟಿದ ಮೇಲೇ, ಯಾಕೆಂದರೆ ಗುಡ್ಡ ಟವರ್ ಇಲ್ಲ ಅಂತ ಅಳೆದು ನೋಡಿರುವುದು ಆ ದಾರಿಯನ್ನು ಮಾತ್ರ. ಆ ಬಿಂದು ಎಲ್ಲಿದೆ ಅಂತ ಹೇಳಬೇಕಾದದ್ದೂ ಅದೇ ಗಡಿಯಾರ! ಮಾನ ಬಿಟ್ಟು ಕಂಟ್ರೋಲರ್‌ನನ್ನೇ ಕೇಳಿದೆ, ನಾನು ರನ್‌ವೇ ದಾಟಿದೆನಾ ಅಂತ. ಇನ್ನೂ ಒಂದು ಮೈಲಿ ಇದೆ ಅಂದ. ಒಂದು ಮೈಲಿ ಅಂದರೆ ಮುಕ್ಕಾಲು ನಿಮಿಷವೂ ಇಲ್ಲ, ನನಗೆ ಮಾತ್ರ ಅದು ಮುಗಿಯಲೇ ಇಲ್ಲ.

ಅದರ ಜೊತೆ ಕಿವಿಯ ಆಟ. ಪವರ್ ಕೊಟ್ಟು ವೇಗ ಹೆಚ್ಚಿದಾಗ ಮೂಗು ತುಂಬಾ ಮೇಲೆದ್ದಿದೆ ಅಂತ ಮೈ ಹೇಳುತ್ತದೆ, ಕೆಳಗೆ ಒತ್ತು ಅನ್ನುತ್ತದೆ. ವಿಮಾನ ಎಷ್ಟು ವಾಲಿದೆ ಅಂತ ತೋರಿಸುವ ಹಾರಿಜನ್ ಮೀಟರ್ ನೋಡಿದರೆ ಎಲ್ಲ ಸರಿಯಾಗೇ ಇದೆ. ತಿರುಗಿ ನೇರ ಆದ ಮೇಲೆ ಬಲಕ್ಕೆ ವಾಲುತ್ತಿದ್ದೀನಿ ಅಂತ ಅನ್ನಿಸೋಕೆ ಶುರುವಾಯಿತು. ಒಳಕಿವಿಯ ನಾಳಗಳಲ್ಲಿರುವ ದ್ರವ ಮಾಡುವ ಮೋಸ ಅದು, ಓದಿದ್ದೆ. ಆದರೂ ಕುತ್ತಿಗೆ ತಾನಾಗೇ ಎಡಕ್ಕೆ ಬಾಗಿತ್ತು. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇನ್‌ಸ್ಟ್ರುಮೆಂಟ್ ತರಬೇತಿ ಇಲ್ಲದ 20 ಜನರನ್ನು ಹೊರಗೆ ಕಾಣದಂತೆ ಮಾಡಿ ಹಾರಿಸಿ ನೋಡಿದ್ದರು. 20 ಜನವೂ ಹಿಡಿತ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಆ ಸಂಖ್ಯೆಯನ್ನು ಪರೀಕ್ಷೆಗೆ ಅಂತ ಉರು ಹೊಡೆದಿದ್ದೆ. ಅವತ್ತು ಅದು ನೆನಪಾಗಿದ್ದು ಬೇರೆ ಥರ.

ವಿಒಆರ್ ಅನ್ನುವ ನೆಲದ ರೇಡಿಯೋ ಕೇಂದ್ರದ ಮೇಲೆ ಹೋಲ್ಡ್ ಮಾಡು ಅಂದರು. ಹೋಲ್ಡಿಂಗ್ ಅಂದರೆ ಒಂದು ನಿಮಿಷ ತಿರುಗು, ಒಂದು ನಿಮಿಷ ನೇರ, ಮತ್ತೆ ತಿರುಗು, ಮತ್ತೆ ನೇರ. ನಾಲ್ಕು ನಿಮಿಷಕ್ಕೆ ಒಂದು ಸುತ್ತು. ಕಲಿಯುವಾಗ ಒಳಗೆ ಹೋಗುವ ಮೂರು ವಿಧಾನಗಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವತ್ತು ಆ ಹೋಲ್ಡ್ ಸಿಕ್ಕಿದ್ದೇ ದೊಡ್ಡ ಉಪಕಾರ. ಪವರ್ ಇಳಿಸಿದೆ, ಉಸಿರು ಬಿಟ್ಟೆ. ಮುಂದಿನ ಕ್ಲಿಯರೆನ್ಸ್ ಎಷ್ಟು ಗಂಟೆಗೆ ಅಂತ ಒಂದು ಸಮಯ ಕೊಟ್ಟರು, ತೊಡೆಯ ಮೇಲಿನ ಪ್ಯಾಡಿನಲ್ಲಿ ಬರೆದುಕೊಂಡೆ. ರೇಡಿಯೋ ಕೆಟ್ಟರೆ, ರೇಡಾರ್‌ಗೆ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ 7600 ಸಂಕೇತ ಹಾಕಿ ಆ ಸಮಯಕ್ಕೆ ಹೋಲ್ಡ್ ಬಿಟ್ಟು ಹೊರಡಬೇಕು, ಅದಕ್ಕೇ ಅದು ಕೊಡೋದು. ಗ್ಲೈಡ್ ಸ್ಲೋಪ್ ನೆಲದಲ್ಲೇ ಕೆಟ್ಟಿದೆ ಅಂತಲೂ ತಿಳಿಸಿದರು. ನನ್ನ ರಿಸೀವರ್ ಅಲ್ಲ ಅಂತ ಗೊತ್ತಾಗಿ ಸ್ವಲ್ಪ ಸಮಾಧಾನ.

ಇಂಧನ ಲೆಕ್ಕ ಹಾಕಿದೆ. ಉಳಿದದ್ದು 2 ಗಂಟೆ 5 ನಿಮಿಷಕ್ಕೆ. ಇಲ್ಲಿ ಆಗದಿದ್ದರೆ ಹೋಗೋಕೆ ಗೊತ್ತುಮಾಡಿದ್ದ ಬೇರೆ ಏರ್‌ಪೋರ್ಟ್, ಅಂದರೆ ಆಲ್ಟರ್ನೇಟ್‌ಗೆ 40 ನಿಮಿಷ, ಅದರ ಮೇಲೆ ಮುಟ್ಟಬಾರದ 45 ನಿಮಿಷ. ಕೈಯಲ್ಲಿ ಇರೋದು 40 ನಿಮಿಷ, ಒಂದು ಅಪ್ರೋಚ್‌ಗೆ 20-25 ಹೋಗುತ್ತದೆ. ಇನ್ನೊಂದೇ ಸಲ, ಆಮೇಲೆ ಹೊರಟುಬಿಡೋದು ಅಂತ ಅಲ್ಲೇ ತೀರ್ಮಾನಿಸಿದೆ.

ಈ ಸಲ ಚಾರ್ಟ್ ಪೂರ್ತಿ ಓದಿದೆ. ನೆಲದ ಮೇಲಿನ ವೇಗ 90 ನಾಟ್ ಇದ್ದರೆ 5 ಮೈಲಿಗೆ 3 ನಿಮಿಷ 20 ಸೆಕೆಂಡ್. ಎದುರುಗಾಳಿ 10 ನಾಟ್ ಇದ್ದದ್ದರಿಂದ ಏರ್‌ಸ್ಪೀಡ್ 100 ಇಟ್ಟರೆ ಲೆಕ್ಕ ಸರಿಹೋಗುತ್ತದೆ. ಚಾರ್ಟ್‌ನಲ್ಲಿ ಇಲ್ಲದ ಇನ್ನೊಂದು ಲೆಕ್ಕವನ್ನೂ ಹಾಕಿಕೊಂಡೆ. 3 ಡಿಗ್ರಿ ಇಳಿಜಾರು ಅಂದರೆ ಒಂದು ಮೈಲಿಗೆ ಸುಮಾರು 320 ಅಡಿ. 410 ಅಡಿಯಿಂದ ಮಾಮೂಲಾಗಿ ಇಳಿಯಬೇಕಾದರೆ ರನ್‌ವೇ 1.3 ಮೈಲಿ ಮೊದಲೇ ಕಾಣಬೇಕು, ಅಂದರೆ ಗಡಿಯಾರದಲ್ಲಿ ಹೆಚ್ಚುಕಮ್ಮಿ 2:30ರ ಒಳಗೆ. ಅದಾದ ಮೇಲೆ ಕಂಡರೆ ಮೂಗು ಕೆಳಗೆ ಮಾಡಿ ಧುಮುಕಬೇಕಾಗುತ್ತದೆ.

ನೀಲಿ ದೀಪ ಮಿನುಗಿತು. ಒತ್ತಿದೆ. ಎಷ್ಟು ಜೋರಾಗಿ ಒತ್ತಿದೆ ಅಂದರೆ ಗೆಳೆಯ ತಿರುಗಿ ನೋಡಿದ.

410ಕ್ಕೆ ಬಂದು ಎತ್ತರ ಹಿಡಿದೆ. ಮೋಡದ ಅಂಚು ಹರಿದ ಬಟ್ಟೆ ಥರ ಕಿಟಕಿ ಪಕ್ಕ ಹಾರಿಹೋಗುತ್ತಿತ್ತು. 2:30 ಆಯಿತು, ಮುಂದೆ ಬರೀ ಬಿಳಿ. 2:50ಕ್ಕೆ ಗೆಳೆಯ ಭುಜ ತಟ್ಟಿ ಕೆಳಗೆ ಕೈ ತೋರಿಸಿದ. ಮಾತಾಡಬೇಡ ಅಂತ ಮೊದಲೇ ಹೇಳಿದ್ದೆ, ಪಾಪ, ಕೈಯಲ್ಲೇ ತೋರಿಸಿದ. ನಾನೂ ಅರೆಕ್ಷಣ ನೋಡಿದೆ. ಕೆಳಗೆ ಒದ್ದೆ ರಸ್ತೆ, ದೀಪ ಹಾಕಿಕೊಂಡ ಲಾರಿ. ಇನ್ನೊಂದು 50 ಅಡಿ ಇಳಿದರೆ ಎಲ್ಲ ಕಾಣುತ್ತೆ ಅಂತ ಒಳಗೊಂದು ದನಿ ಬಹಳ ಸಮಾಧಾನದಿಂದ ಹೇಳಿತು. ನನಗೆ ಹೆದರಿಕೆ ಆಗಿದ್ದು ಆ ಸಮಾಧಾನಕ್ಕೇ. ಪವರ್ ಕೊಟ್ಟು ನೇರ ಹತ್ತಿದೆ, 3:20 ಆಗುವವರೆಗೆ ರೆಕ್ಕೆ ಅಲುಗಿಸಲಿಲ್ಲ, ಆಮೇಲೆ ಎಡಕ್ಕೆ.

ಆಲ್ಟರ್ನೇಟ್‌ನಲ್ಲಿ ಮೋಡ 1500 ಅಡಿ ಮೇಲಿತ್ತು. ಅಲ್ಲಿ ಇಳಿದದ್ದರ ಬಗ್ಗೆ ಹೇಳೋಕೆ ಏನೂ ಇಲ್ಲ. ಎಂಜಿನ್ ನಿಲ್ಲಿಸಿದ ಮೇಲೆ ಗೆಳೆಯ ಅಷ್ಟು ಹೊತ್ತು ತಡೆದಿಟ್ಟುಕೊಂಡದ್ದನ್ನು ಕೇಳಿದ.

"ಅಲ್ಲ ಕಣೋ, ಲಾರಿ ಕಾಣ್ತಿತ್ತಲ್ಲ. ಮತ್ತೆ ಯಾಕೆ ಇಳಿಸಲಿಲ್ಲ?"

ಚಾರ್ಟ್ ತೆಗೆದು 1.3 ಮೈಲಿ, 2:30, ಎಲ್ಲ ಬೆರಳಿಟ್ಟು ತೋರಿಸಿದೆ. ನೆಟ್ಟಗೆ ಕೆಳಗೆ 400 ಅಡಿ ಕಾಣೋದಕ್ಕೂ ಮುಂದೆ ಓರೆಯಾಗಿ ಎರಡು ಕಿಲೋಮೀಟರ್ ಮೋಡದಡಿ ಕಾಣೋದಕ್ಕೂ ಇರುವ ವ್ಯತ್ಯಾಸ ಹೇಳಿದೆ. ಅವನು ಸ್ವಲ್ಪ ಹೊತ್ತು ಚಾರ್ಟ್ ನೋಡಿದ.

"ಹಾಗಾದ್ರೆ ಆ ಲಾರಿ 20 ಸೆಕೆಂಡ್ ಮುಂಚೆ ಕಂಡಿದ್ರೆ?"

"ಆಗಲೂ ಮೇಲೇ ಹೋಗ್ತಿದ್ದೆ," ಅಂದೆ. "ರನ್‌ವೇ ಕಂಡಿದ್ರೆ ಬೇರೆ ಮಾತು."