ಆಡಲು ಬಂದರೆ ಯಾಕೆ ಕಳಿಸುತ್ತಾರೆ, ಬಾರದಿದ್ದರೆ ಯಾಕೆ ಕರೆಯುತ್ತಾರೆ?

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ನೋಡತೊಡಗಿದವರು ಒಂದೆರಡು ಸೀಸನ್ ಕಳೆದ ಮೇಲೆ ತಪ್ಪದೆ ಕೇಳುವ ಪ್ರಶ್ನೆ ಇದು. ಡಿಫೆನ್ಸ್‌ನಲ್ಲಿ, ಅಂದರೆ ಎದುರಾಳಿಯನ್ನು ತಡೆಯುವ ಪಾಳಿಯಲ್ಲಿ, ಯಾರೋ ಒಬ್ಬ ಒಳ್ಳೆಯ ಟ್ಯಾಕಲ್ ಮಾಡುತ್ತಾನೆ (ಚೆಂಡು ಹಿಡಿದವನನ್ನು ಕೆಡವುತ್ತಾನೆ), ಕಾಮೆಂಟರಿಯವರು "ಇದು ಇವನ ಆರನೇ ತಂಡ" ಅನ್ನುತ್ತಾರೆ. ಅವನಿಗೆ ಆಡಲು ಬರುತ್ತದೆ ಅಂದರೆ ಐದು ತಂಡಗಳು ಯಾಕೆ ಕಳಿಸಿದವು? ಬರುವುದಿಲ್ಲ ಅಂದರೆ ಆರನೆಯದು ಯಾಕೆ ಕರೆಯಿತು?

ಚಿಕ್ಕ ಉತ್ತರ: ಅವನನ್ನು ಕಳಿಸಿದರೆ ತಂಡಕ್ಕೆ ನಷ್ಟವಿಲ್ಲ, ಅದಕ್ಕೇ ಕಳಿಸುತ್ತಾರೆ. ಕರೆದರೆ ಹೆಚ್ಚು ಖರ್ಚಿಲ್ಲ, ಅದಕ್ಕೇ ಕರೆಯುತ್ತಾರೆ. ಆಟದ ಗುಣಮಟ್ಟದ ಮಾತು ಇದಾದ ಮೇಲಿನದು.

ಇಂಥವರಿಗೆ ಅಲ್ಲಿ ಜರ್ನಿಮ್ಯಾನ್ ಅನ್ನುತ್ತಾರೆ. ಊರೂರು ಅಲೆಯುವವನು ಎಂದು ಅರ್ಥ ಮಾಡಿಕೊಳ್ಳುವವರೇ ಹೆಚ್ಚು, ಆದರೆ ಆ ಪದಕ್ಕೆ ಮೂಲ ಪ್ರಯಾಣವಲ್ಲ. ಒಂದು ದಿನದ ಕೆಲಸ ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ದಿನದ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದ ಕಸುಬುದಾರನಿಗೆ ಆ ಹೆಸರು. ನಮ್ಮ ದಿನಗೂಲಿ ಎಂಬ ಪದವೇ ಅದಕ್ಕೆ ಹತ್ತಿರ. ಎನ್‌ಎಫ್‌ಎಲ್‌ನಲ್ಲಿ ಮಾತ್ರ ಅದು ವಾರಗೂಲಿ. 17 ಪಂದ್ಯ, 18 ವಾರ; ಸಂಬಳವನ್ನು 18 ಭಾಗ ಮಾಡಿ ವಾರಕ್ಕೊಂದು ಭಾಗ ಕೊಡುತ್ತಾರೆ. 2024ರಲ್ಲಿ 4ರಿಂದ 6 ವರ್ಷ ಅನುಭವದವನ ಕನಿಷ್ಠ ಸಂಬಳ 11,25,000 ಡಾಲರ್ ಇತ್ತು, ಅಂದರೆ ವಾರಕ್ಕೆ 62,500. ಎರಡು ವಾರ ತಂಡದಲ್ಲಿದ್ದು ಹೊರಬಿದ್ದರೆ 1,25,000 ಡಾಲರ್, ಅಷ್ಟೆ. ಪತ್ರಿಕೆಯಲ್ಲಿ ಅಚ್ಚಾಗುವ ವಾರ್ಷಿಕ ಮೊತ್ತವನ್ನು ಇವರಲ್ಲಿ ಹಲವರು ಪೂರ್ತಿ ಕಾಣುವುದೇ ಇಲ್ಲ.

ಬೇಸಿಗೆಯಲ್ಲಿ ಒಂದು ತಂಡದಲ್ಲಿ 90 ಜನ ಇರಬಹುದು. ಆಗಸ್ಟ್ ಕೊನೆಯಲ್ಲಿ ಅದು 53ಕ್ಕೆ ಇಳಿಯಬೇಕು. ಪಂದ್ಯದ ದಿನ ಅಂಗಳಕ್ಕೆ ಇಳಿಯುವ ಅರ್ಹತೆ ಹೆಚ್ಚೆಂದರೆ 48 ಜನಕ್ಕೆ. 53ರಲ್ಲಿ ಸುಮಾರು ಅರ್ಧ ಡಿಫೆನ್ಸ್‌ನವರು ಎಂದಿಟ್ಟುಕೊಳ್ಳಿ. ಅದರಲ್ಲಿ ದೊಡ್ಡ ಕರಾರಿನವರನ್ನು, ಡ್ರಾಫ್ಟ್‌ನ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ಕ್ರಮ) ಮೊದಲ ಸುತ್ತುಗಳಲ್ಲಿ ಬಂದವರನ್ನು ಕಳಿಸುವ ಮಾತೇ ಇಲ್ಲ. ಅವರಿಗೆ ಮುಂಗಡ ಕೊಟ್ಟ ಬೋನಸ್ಸನ್ನು ಕರಾರಿನ ವರ್ಷಗಳಿಗೆ ಹಂಚಿ ಸ್ಯಾಲರಿ ಕ್ಯಾಪ್‌ನಲ್ಲಿ (ತಂಡವೊಂದು ವರ್ಷಕ್ಕೆ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿ) ಬರೆದಿರುತ್ತಾರೆ, ಕಳಿಸಿದರೆ ಉಳಿದ ಪಾಲೆಲ್ಲ ಬಂದು ಕ್ಯಾಪ್ ಮೇಲೆ ಬೀಳುತ್ತದೆ. 2024ರಲ್ಲಿ ಆ ಕ್ಯಾಪ್ 25.54 ಕೋಟಿ ಡಾಲರ್. ಇವರೆಲ್ಲ ಕೂತ ಮೇಲೆ ಉಳಿಯುವ ನಾಲ್ಕೈದು ಕುರ್ಚಿಗಳಿಗೆ ಬೋನಸ್ ಇಲ್ಲದ, ಒಂದೇ ವರ್ಷದ, ಕನಿಷ್ಠ ಸಂಬಳದ ಕರಾರು. ಭಾನುವಾರ ಯಾರೋ ಒಬ್ಬ ಆಫೆನ್ಸಿವ್ ಲೈನ್‌ಮನ್ (ದಾಳಿಯ ಪಾಳಿಯಲ್ಲಿ ಮುಂದಿನ ಸಾಲಿನವನು) ಮಂಡಿ ಮುರಿದುಕೊಂಡರೆ, ಬದಲಿಯವನಿಗೆ ಜಾಗ ಮಾಡಲು ಸೋಮವಾರ ಎದ್ದು ಹೋಗುವವನು ಐದನೇ ಲೈನ್‌ಬ್ಯಾಕರ್, ಅಂದರೆ ಡಿಫೆನ್ಸ್‌ನ ಎರಡನೇ ಸಾಲಿನವನು. ಅವನು ಏನೂ ತಪ್ಪು ಮಾಡಿರಬೇಕಾಗಿಲ್ಲ.

ಅನುಭವ ಹೆಚ್ಚಿದಷ್ಟೂ ಕನಿಷ್ಠ ಸಂಬಳವೂ ಏರುವುದು ಇವನಿಗೆ ಎರಡಲಗಿನ ಕತ್ತಿ. 2024ರಲ್ಲಿ ಹೊಸಬನಿಗೆ 7,95,000, ಏಳು ವರ್ಷ ದಾಟಿದವನಿಗೆ 12,10,000. ಇಬ್ಬರ ಆಟವೂ ಹೆಚ್ಚುಕಡಿಮೆ ಒಂದೇ ಆದರೆ ತಂಡ ಯಾರನ್ನು ಇಟ್ಟುಕೊಳ್ಳುತ್ತದೆ, ಹೇಳಬೇಕಿಲ್ಲ. ಹಳಬರು ಹೀಗೆ ಗುಡಿಸಿಹೋಗದಿರಲಿ ಎಂದು ಆಟಗಾರರ ಸಂಘದ ಒಪ್ಪಂದದಲ್ಲಿ ಒಂದು ಉಪಾಯವಿದೆ: ನಾಲ್ಕು ವರ್ಷ ದಾಟಿದವನು ಕನಿಷ್ಠ ಸಂಬಳಕ್ಕೆ ಒಂದು ವರ್ಷದ ಕರಾರು ಮಾಡಿದರೆ, ಕ್ಯಾಪ್ ಲೆಕ್ಕದಲ್ಲಿ ಅವನು ಎರಡು ವರ್ಷ ಅನುಭವದವನ ಬೆಲೆಗೇ ಬರುತ್ತಾನೆ. 2024ರಲ್ಲಿ ಅದು 9,85,000. ಮೂವತ್ತು ದಾಟಿದ ಸೇಫ್ಟಿಗಳು (ಡಿಫೆನ್ಸ್‌ನ ಕೊನೆಯ ಸಾಲಿನವರು) ಇನ್ನೂ ಕಾಣಿಸುವುದರಲ್ಲಿ ಈ ನಿಯಮದ ಪಾಲು ದೊಡ್ಡದು.

ಇನ್ನು ನಾಲ್ಕು ವರ್ಷದ ಗೆರೆ. ಅದನ್ನು ದಾಟದವನನ್ನು ಕೈಬಿಟ್ಟರೆ ಅವನು ವೇವರ್‌ಗೆ ಹೋಗುತ್ತಾನೆ: ಉಳಿದ 31 ತಂಡಗಳಲ್ಲಿ ಯಾವುದಾದರೂ ಅವನ ಕರಾರನ್ನು ಇದ್ದ ಹಾಗೇ ಎತ್ತಿಕೊಳ್ಳಬಹುದು, ಕಳಪೆ ತಂಡಕ್ಕೆ ಮೊದಲ ಆದ್ಯತೆ, ಆಟಗಾರನಿಗೆ ಆಯ್ಕೆಯಿಲ್ಲ. ದಾಟಿದವನು ಟ್ರೇಡ್ ಗಡುವಿನವರೆಗೆ (ಸೀಸನ್ ನಡುವೆ ಆಟಗಾರರ ವಿನಿಮಯಕ್ಕಿರುವ ಕೊನೆಯ ದಿನ) ನೇರವಾಗಿ ಸ್ವತಂತ್ರ. ಇದರಿಂದಲೇ ಆಗಸ್ಟ್‌ನಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಹಳಬನೊಬ್ಬನಿಗೆ "ಇವತ್ತು ಕೈಬಿಡುತ್ತೇವೆ, ನಾಳೆ ಮತ್ತೆ ಸಹಿ ಹಾಕು" ಎಂದು ಹೇಳಿ ಕಳಿಸುತ್ತಾರೆ. ಗಾಯಗೊಂಡವನನ್ನು ಸೀಸನ್ ನಡುವೆ ವಾಪಸ್ ತರಬೇಕಾದರೆ ಅವನು ಒಂದು ದಿನವಾದರೂ 53ರ ಪಟ್ಟಿಯಲ್ಲಿರಬೇಕಿತ್ತು (2024ರಿಂದ ಇಬ್ಬರಿಗೆ ವಿನಾಯಿತಿ ಇದೆ). ಆ ಒಂದು ದಿನದ ಕುರ್ಚಿ ಹಳಬನದು. ವೇವರ್ ಇಲ್ಲವಾದ್ದರಿಂದ ಅವನನ್ನು ಬೇರೆಯವರು ಎಗರಿಸುವ ಭಯವಿಲ್ಲ, ಅವನೇ ಮನಸ್ಸು ಬದಲಿಸಿದರೆ ಮಾತ್ರ. ಸುದ್ದಿಯಲ್ಲಿ ಅದು "ಕೈಬಿಡಲಾಗಿದೆ" ಎಂದೇ ಬರುತ್ತದೆ, ಅಭಿಮಾನಿಗಳು ಸುಮ್ಮನೆ ಗೋಳಾಡುತ್ತಾರೆ.

ಇದರ ಜೊತೆಗಿನ ಇನ್ನೊಂದು ಆಟ: ನಾಲ್ಕು ವರ್ಷ ದಾಟಿದವನು ಮೊದಲ ಪಂದ್ಯದ ದಿನ ಪಟ್ಟಿಯಲ್ಲಿದ್ದರೆ ಆ ವರ್ಷದ ಸಂಬಳಕ್ಕೆ ಹೆಚ್ಚುಕಡಿಮೆ ಖಾತ್ರಿ ಸಿಕ್ಕ ಹಾಗೆ. ಹಾಗಾಗಿ ಎಷ್ಟೋ ಹಳಬರಿಗೆ ಫೋನ್ ಬರುವುದು ಮೊದಲ ವಾರ ಮುಗಿದ ಮರುದಿನ. ಇದನ್ನು ಜಿಪುಣತನ ಅನ್ನದೆ ಬೇರೇನೂ ಅನ್ನಲಾಗದು, ಆದರೆ ನಿಯಮದೊಳಗಿನ ಜಿಪುಣತನ.

ಪ್ರಾಕ್ಟೀಸ್ ಸ್ಕ್ವಾಡ್, ಅಂದರೆ 53ರ ಆಚೆ ಅಭ್ಯಾಸಕ್ಕೆಂದು ಇಟ್ಟುಕೊಳ್ಳುವ ಬಳಗ, ಇವರ ಇನ್ನೊಂದು ಮನೆ. ಹಿಂದೆ 10 ಜನರಿದ್ದದ್ದು 2020ರಲ್ಲಿ 16 ಆಯಿತು, ಅದರಲ್ಲಿ 6 ಜಾಗಕ್ಕೆ ಅನುಭವದ ಮಿತಿಯಿಲ್ಲ. 2024ರಲ್ಲಿ ಹೊಸಬರಿಗೆ ವಾರಕ್ಕೆ 12,500 ಡಾಲರ್, ಹಳಬರಿಗೆ ಇನ್ನಷ್ಟು. ಪ್ರತಿ ಪಂದ್ಯಕ್ಕೆ ಇಬ್ಬರನ್ನು ಮೇಲಕ್ಕೆ ಎತ್ತಿಕೊಳ್ಳಬಹುದು, ಆ ವಾರ ಪೂರ್ಣ ಸಂಬಳ, ಪಂದ್ಯ ಮುಗಿದ ಮೇಲೆ ತಾನಾಗಿ ಕೆಳಕ್ಕೆ. ಒಬ್ಬನನ್ನು ಒಂದು ಸೀಸನ್‌ನಲ್ಲಿ ಹೀಗೆ ಮೂರೇ ಸಲ ಎತ್ತಬಹುದು. ನಾಲ್ಕನೆಯ ಸಲ ಬೇಕಾದರೆ 53ಕ್ಕೆ ಸೇರಿಸಬೇಕು. ಬೇರೆ ತಂಡ ಅಲ್ಲಿಂದ ಕರೆದುಕೊಳ್ಳಬೇಕಾದರೆ ತನ್ನ 53ಕ್ಕೇ ಕರೆಯಬೇಕು, ಕನಿಷ್ಠ ಮೂರು ವಾರದ ಸಂಬಳ ಕೊಡಬೇಕು. ನಾಲ್ಕನೇ ವಾರ ಕಳಿಸಿಬಿಟ್ಟರೂ ಪಟ್ಟಿಯಲ್ಲಿ ಒಂದು ತಂಡ ಹೆಚ್ಚಾಯಿತು. "ಆರನೇ ತಂಡ" ಎಂಬ ಎಣಿಕೆ ಬೆಳೆಯುವುದು ಹೀಗೆ.

ಹಾಗಾದರೆ ಆಟಕ್ಕೆ ಬೆಲೆಯೇ ಇಲ್ಲವೇ? ಇದೆ, ಆದರೆ ನಾವು ಟಿವಿಯಲ್ಲಿ ನೋಡುವ ಕಡೆ ಅಲ್ಲ. ಐದನೇ ಲೈನ್‌ಬ್ಯಾಕರ್, ನಾಲ್ಕನೇ ಸೇಫ್ಟಿ ಅನ್ನ ಉಣ್ಣುವುದು ಸ್ಪೆಷಲ್ ಟೀಮ್ಸ್‌ನಲ್ಲಿ, ಅಂದರೆ ಚೆಂಡು ಒದೆಯುವ ಆಟಗಳ ತುಕಡಿಗಳಲ್ಲಿ. ಕಿಕಾಫ್ (ಆಟ ಶುರುಮಾಡುವ ಒದೆತ), ಕಿಕಾಫ್ ರಿಟರ್ನ್ (ಆ ಚೆಂಡನ್ನು ಹಿಡಿದು ಮರಳಿ ಓಡುವುದು), ಪಂಟ್ (ಚೆಂಡು ಬಿಟ್ಟುಕೊಡುವ ದೂರದ ಒದೆತ), ಪಂಟ್ ರಿಟರ್ನ್ ಎಂಬ ನಾಲ್ಕು ತುಕಡಿಗಳಲ್ಲಿ ನಾಲ್ಕಕ್ಕೂ ಬರುವವನು ಉಳಿಯುತ್ತಾನೆ, ಎರಡಕ್ಕೆ ಮಾತ್ರ ಬರುವವನು ಹೋಗುತ್ತಾನೆ. ಇಲ್ಲಿ ಕೆಲಸ ಕಳೆಯುವ ತಪ್ಪು ಟ್ಯಾಕಲ್ ತಪ್ಪಿಸುವುದಕ್ಕಿಂತ ಹೆಚ್ಚಾಗಿ ಹಿಂದಿನಿಂದ ಬೆನ್ನಿಗೆ ತಳ್ಳುವುದು: 10 ಗಜ ದಂಡ, ಜೊತೆಗೆ ಸಹ ಆಟಗಾರನ ಒಳ್ಳೆಯ ರಿಟರ್ನ್ ರದ್ದು. 2024ರ ಹೊಸ ಕಿಕಾಫ್ ನಿಯಮದಲ್ಲಿ ಒದೆಯುವ ತಂಡದ ಹತ್ತು ಜನ ಎದುರಾಳಿಯ 40 ಗಜದ ಗೆರೆಯಲ್ಲಿ ನಿಂತು, ಚೆಂಡು ನೆಲಕ್ಕೋ ಕೈಗೋ ತಾಗುವವರೆಗೆ ಕದಲುವಂತಿಲ್ಲ. ದೂರದಿಂದ ಓಡಿಬಂದು ಅಪ್ಪಳಿಸುವವನಿಗಿಂತ ನಿಂತಲ್ಲೇ ಎದುರಾಳಿಯ ಅಡ್ಡಿ (ಬ್ಲಾಕ್) ಬಿಡಿಸಿಕೊಳ್ಳುವ ಗಟ್ಟಿಗನಿಗೆ ಈಗ ಬೇಡಿಕೆ.

ಇನ್ನೊಂದು ಕಾರಣ ಪದ್ಧತಿ, ಅಂದರೆ ಕೋಚ್ ಆಡಿಸುವ ಕ್ರಮ. ನನ್ನ ದೃಷ್ಟಿಯಲ್ಲಿ ಅತಿ ಕಡಿಮೆ ಚರ್ಚೆಯಾಗುವುದೂ ಇದೇ. ಜೇಸನ್ ಬ್ಯಾಬಿನ್‌ನನ್ನೇ ನೋಡಿ. ವೆಸ್ಟರ್ನ್ ಮಿಷಿಗನ್‌ನಲ್ಲಿ ಓದಿದ ಡಿಫೆನ್ಸಿವ್ ಎಂಡ್ (ಡಿಫೆನ್ಸ್‌ನ ಮೊದಲ ಸಾಲಿನ ತುದಿಯವನು), 2004ರ ಡ್ರಾಫ್ಟ್‌ನಲ್ಲಿ 27ನೆಯವನಾಗಿ ಹ್ಯೂಸ್ಟನ್‌ಗೆ ಹೋದ. ಹ್ಯೂಸ್ಟನ್ ಆಗ ಆಡುತ್ತಿದ್ದದ್ದು 3-4: ಮುಂದಿನ ಸಾಲಿನಲ್ಲಿ ಮೂವರು, ಹಿಂದೆ ನಾಲ್ವರು ಲೈನ್‌ಬ್ಯಾಕರ್‌ಗಳು. ಎಂಡ್ ಆಗಿದ್ದವನನ್ನು ಎಬ್ಬಿಸಿ ನಿಲ್ಲಿಸಿ ಹೊರ ಲೈನ್‌ಬ್ಯಾಕರ್ ಮಾಡಿದರು. ಕೈಯನ್ನು ನೆಲಕ್ಕೂರಿ ನುಗ್ಗುತ್ತಿದ್ದವನಿಗೆ ಈಗ ಹಿಂದೆ ಸರಿದು ಪಾಸ್ (ಎಸೆದ ಚೆಂಡು) ಕಾಯುವ ಕೆಲಸವೂ ಬಿತ್ತು. ಆಮೇಲೆ ಸಿಯಾಟಲ್, ಕಾನ್ಸಸ್ ಸಿಟಿ, ಫಿಲಡೆಲ್ಫಿಯಾ. ಎಲ್ಲರೂ ಅವನ ಕಥೆ ಮುಗಿಯಿತು ಎಂದುಕೊಂಡರು. 2010ರಲ್ಲಿ ಒಂದು ವರ್ಷದ ಕರಾರಿನ ಮೇಲೆ ಟೆನೆಸಿಗೆ ಹೋದ; ಅಲ್ಲಿ ಲೈನ್ ಕೋಚ್ ಜಿಮ್ ವಾಷ್‌ಬರ್ನ್ ಆಡಿಸುತ್ತಿದ್ದದ್ದು ವೈಡ್ ನೈನ್.

ಡಿಫೆನ್ಸಿವ್ ಲೈನ್‌ನವರು ನಿಲ್ಲುವ ಜಾಗಕ್ಕೆ ಅಂಕಿಗಳಿವೆ. ಎದುರಾಳಿ ಸಾಲಿನ ನಡುವಿನವನಾದ ಸೆಂಟರ್ ಎದುರಿಗೆ 0, ಅದೇ ಸಾಲಿನ ತುದಿಯವನಾದ ಟ್ಯಾಕಲ್‌ನ (ಇಲ್ಲಿ ಇದು ಸ್ಥಾನದ ಹೆಸರು) ಹೊರಭುಜಕ್ಕೆ 5, ಅವನ ಪಕ್ಕದ ಟೈಟ್ ಎಂಡ್‌ನಿಂದಲೂ ಆಚೆಗೆ 9. ಸಾಮಾನ್ಯ 4-3ರಲ್ಲಿ (ಮುಂದೆ ನಾಲ್ವರು, ಹಿಂದೆ ಮೂವರು) ಎಂಡ್ ನಿಲ್ಲುವುದು 5ರ ಆಸುಪಾಸು. ವೈಡ್ ನೈನ್‌ನಲ್ಲಿ ಇನ್ನೂ ಹೊರಗೆ ನಿಂತು, ಓಟದ ಸ್ಪರ್ಧೆಯವನ ಹಾಗೆ ಬಾಗಿ, ಸ್ನ್ಯಾಪ್ ಆದ (ಚೆಂಡು ಆಟಕ್ಕೆ ಬಂದ) ಕೂಡಲೇ ಓರೆಯಾಗಿ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕಡೆ ನುಗ್ಗುವುದು. ವೇಗ ಕೂಡಿಸಿಕೊಳ್ಳಲು ಜಾಗ ಸಿಗುತ್ತದೆ. ಪ್ರತಿಯಾಗಿ ಒಳಗಡೆ ದೊಡ್ಡ ಸಂದು ಬಿಡುತ್ತದೆ, ಚೆಂಡು ಹಿಡಿದು ಓಡುವ ರನ್ ಆಟವಾದರೆ ಅದನ್ನು ಮುಚ್ಚುವ ಹೊರೆ ಲೈನ್‌ಬ್ಯಾಕರ್ ಮತ್ತು ಸೇಫ್ಟಿಗಳದು. ಬ್ಯಾಬಿನ್‌ನ ಮೈಗೆ ಇದು ಹೊಲಿಸಿದ ಅಂಗಿಯಂತಿತ್ತು. ಆ ವರ್ಷ 12.5 ಸ್ಯಾಕ್ (ಪಾಸ್ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು), ಜೊತೆಗೆ ವರ್ಷದ ಶ್ರೇಷ್ಠರ ಪಂದ್ಯವಾದ ಪ್ರೊ ಬೌಲ್‌ಗೆ ಆಯ್ಕೆ. 2011ರಲ್ಲಿ ವಾಷ್‌ಬರ್ನ್ ಫಿಲಡೆಲ್ಫಿಯಾಕ್ಕೆ ಹೋದರು, ಬ್ಯಾಬಿನ್ ಕೂಡ ಮರಳಿ ಅಲ್ಲಿಗೇ ಹೋದ. 18 ಸ್ಯಾಕ್. ಮರುವರ್ಷ ತಂಡ ಸೋಲುತ್ತ ಹೋಯಿತು. ನವೆಂಬರ್ ಕೊನೆಯಲ್ಲಿ ಬ್ಯಾಬಿನ್‌ನನ್ನು ಕೈಬಿಟ್ಟರು, ಕೆಲವೇ ದಿನಗಳಲ್ಲಿ ವಾಷ್‌ಬರ್ನ್ ಅವರನ್ನೂ. ಟ್ರೇಡ್ ಗಡುವು ಮುಗಿದಿದ್ದರಿಂದ ಒಂಬತ್ತನೇ ಸೀಸನ್ ಆಡುತ್ತಿದ್ದ ಬ್ಯಾಬಿನ್ ಕೂಡ ವೇವರ್ ದಾಟಬೇಕಾಯಿತು, ಜ್ಯಾಕ್ಸನ್‌ವಿಲ್ ಎತ್ತಿಕೊಂಡಿತು. ಅದೇ ಆಟಗಾರ, ಅದೇ ಕಾಲು. ಬದಲಾಗುತ್ತಿದ್ದದ್ದು ಹೆಚ್ಚಾಗಿ ಅವನು ನಿಲ್ಲುವ ಜಾಗ.

ಈಗ ವಾರದ ನಡುವೆ ಕರೆ ಬಂದವನ ಪಾಡು. ಮಂಗಳವಾರ ತಂಡಗಳಿಗೆ ರಜೆ, ಆದ್ದರಿಂದ ಟ್ರೈಔಟ್ ಅಂದೇ. ವೈದ್ಯಕೀಯ ತಪಾಸಣೆ, ಆಮೇಲೆ ಅವನ ಸ್ಥಾನಕ್ಕೆ ತಕ್ಕ ಕಸರತ್ತು: ರಿಸೀವರ್‌ಗಳನ್ನು (ಪಾಸ್ ಹಿಡಿಯುವವರು) ಕಾಯುವ ಕಾರ್ನರ್‌ಬ್ಯಾಕ್ ಆದರೆ ಹಿಮ್ಮುಖ ಓಟ, ಸೊಂಟ ತಿರುಗಿಸುವುದು, ಚೆಂಡು ಹಿಡಿಯುವುದು. ಒಪ್ಪಿಗೆಯಾದರೆ ಸಂಜೆಗೆ ಸಹಿ, ಕೈಗೆ ತಂಡದ ಆಟಗಳ ಕೈಪಿಡಿ (ಪ್ಲೇಬುಕ್) ಇರುವ ಟ್ಯಾಬ್ಲೆಟ್. ಬುಧವಾರ ಮೊದಲ ಎರಡು ಡೌನ್‌ಗಳ (10 ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಒಂದೊಂದೂ ಡೌನ್) ಆಟ, ಗುರುವಾರ ಮೂರನೇ ಡೌನ್, ಶುಕ್ರವಾರ ಗೋಲ್ ಲೈನ್ ಹತ್ತಿರದ ಆಟ ಎಂದು ಅಭ್ಯಾಸ ಸಾಗುತ್ತದೆ. ಇಲ್ಲಿ ಕಷ್ಟ ಹೊಸದನ್ನು ಕಲಿಯುವುದಲ್ಲ, ಹಳೆಯದನ್ನು ಮರೆಯುವುದು. ಆಳದ ಅಂಗಳವನ್ನು ಮೂವರು ಹಂಚಿಕೊಳ್ಳುವ ಕವರ್ 3 ಎಲ್ಲೆಡೆಯೂ ಇದೆ, ಆದರೆ ಹೆಸರು, ಕೈಸನ್ನೆ, ಎದುರಾಳಿ ಜಾಗ ಬದಲಿಸಿದಾಗ ಕೂಗುವ ಪದ ತಂಡಕ್ಕೊಂದು. ಒತ್ತಡದಲ್ಲಿ ಹಿಂದಿನ ತಂಡದ ಪದ ಬಾಯಿಗೆ ಬಂದರೆ ಇಬ್ಬರು ಒಬ್ಬನ ಹಿಂದೆ ಓಡುತ್ತಾರೆ, ಇನ್ನೊಬ್ಬ ರಿಸೀವರ್ ಒಂಟಿಯಾಗಿ ಟಚ್‌ಡೌನ್ ಮಾಡುತ್ತಾನೆ. ಜಾಣ ಜರ್ನಿಮ್ಯಾನ್ ಮೊದಲ ರಾತ್ರಿ ಮಾಡುವ ಕೆಲಸ ಹಳೆಯ ಪದ ಎಡಕ್ಕೆ, ಹೊಸ ಪದ ಬಲಕ್ಕೆ ಬರೆದುಕೊಳ್ಳುವುದು, ನಿಘಂಟಿನ ಹಾಗೆ. ಅಭ್ಯಾಸವಿಲ್ಲದ ಕಾಲಿಗೆ ದಿಢೀರ್ ವೇಗ ಬಿದ್ದು ತೊಡೆಯ ಹಿಂಭಾಗದ ಸ್ನಾಯು (ಹ್ಯಾಮ್‌ಸ್ಟ್ರಿಂಗ್) ಎಳೆಯುವುದು ಇನ್ನೊಂದು ಮಾಮೂಲಿ ಅಪಾಯ.

ಪಂದ್ಯಗಳ ಎಣಿಕೆಯೂ ಇವನ ತಲೆಯಲ್ಲಿ ಸದಾ ಓಡುತ್ತಿರುತ್ತದೆ. ಪೂರ್ಣ ಸಂಬಳದ ಪಟ್ಟಿಯಲ್ಲಿ 3 ಪಂದ್ಯ ಇದ್ದರೆ ಪಿಂಚಣಿ ಲೆಕ್ಕಕ್ಕೆ ಒಂದು ಸೀಸನ್, ಅಂಥ 3 ಸೀಸನ್‌ಗೆ ಪಿಂಚಣಿಯ ಹಕ್ಕು. ಫ್ರೀ ಏಜೆನ್ಸಿ (ಯಾವ ತಂಡಕ್ಕಾದರೂ ಸಹಿ ಹಾಕುವ ಸ್ವಾತಂತ್ರ್ಯ) ಲೆಕ್ಕಕ್ಕೆ ಬೇಕಾದದ್ದು 6 ಪಂದ್ಯ.

ಗಾಯದ ವಿಷಯದಲ್ಲಿ ಮಾತ್ರ ಇವನು ಹಣದ ವಿಚಾರಕ್ಕೆ ತುಸು ಬಿಗಿಯಾಗಿ ನಿಲ್ಲಬಲ್ಲ. ಆಡುವಾಗ ಗಾಯಗೊಂಡವನನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ: ಇಂಜರ್ಡ್ ರಿಸರ್ವ್‌ಗೆ (ಗಾಯಾಳುಗಳ ಪಟ್ಟಿ) ಹಾಕಬೇಕು, ಇಲ್ಲವೇ ವಾಸಿಯಾಗಲು ಹಿಡಿಯುವ ವಾರಗಳನ್ನು ಎಣಿಸಿ ಅಷ್ಟು ಸಂಬಳ ಕೊಟ್ಟು ಲೆಕ್ಕ ಚುಕ್ತಾ ಮಾಡಬೇಕು. ಆದ್ದರಿಂದ ಕಳಿಸುವ ದಿನ ವೈದ್ಯರು ಮತ್ತೆ ತಪಾಸಣೆ ಮಾಡಿ ಒಂದು ಹಾಳೆ ಮುಂದಿಡುತ್ತಾರೆ. "ಆರೋಗ್ಯವಾಗಿದ್ದೇನೆ" ಎಂದು ಅದಕ್ಕೆ ಸಹಿ ಹಾಕಿದವನಿಗೆ ಆಮೇಲೆ ಭುಜದ ನೋವಿನ ಹಣ ಕೇಳುವುದು ಬಹಳ ಕಷ್ಟ. ಮುಂದಿನ ತಂಡ ಗಾಯಾಳುವನ್ನು ಕರೆಯಲಿಕ್ಕಿಲ್ಲ ಎಂಬ ಹೆದರಿಕೆಯಿಂದ ನೋವು ಮುಚ್ಚಿಟ್ಟು ಸಹಿ ಹಾಕುವವರು ಇದ್ದಾರೆ. ಅನುಭವಿಗಳು ಪೆನ್ನು ಕೆಳಗಿಟ್ಟು ಮೊದಲು ಏಜೆಂಟ್‌ಗೆ ಫೋನ್ ಮಾಡುತ್ತಾರೆ.